ಬೇವಿನ ಕೆಳಗಿನ ಕಲ್ಲುತೊಲೆ

ಆವತ್ತು ಬೆಳಿಗ್ಗೆ ಗುಡಿಯ ಅಂಗಳದಲ್ಲಿ ನಾವು ನಾಲ್ಕು ಮಂದಿ ಸೇರಿದ್ದೆವು. ಬೇವಿನ ಮರದ ಕೆಳಗೆ ಅರ್ಧ ಮಣ್ಣಿನಲ್ಲಿ ಹುದುಗಿದ್ದ ಒಂದು ಕಲ್ಲಿನ ತೊಲೆಯೇ ನಮ್ಮ ಬೆಂಚು. ಅದರ ಒಂದು ತುದಿಗೆ ಗುರಪ್ಪ ಸಾವಕಾರರು ಕೂತಿದ್ದರು. ಸೋಲಾಪುರದಲ್ಲಿ ಅವರದು ಮೂರು ತಲೆಮಾರಿನ ಚಾದರದ ಅಂಗಡಿ. ಈ ಗುಡಿಯ ದೇವರು ಅವರ ಮನೆದೇವರು, ಹೀಗಾಗಿ ದೇವಸ್ಥಾನದ ಕಮಿಟಿಗೆ ಅವರೇ ಅಧ್ಯಕ್ಷರು. ಇನ್ನೊಂದು ತುದಿಗೆ ಬಸಣ್ಣ. ಊರಿನ ದೊಡ್ಡ ಒಕ್ಕಲುತನದ ಮನೆಯವನು, ಕಬ್ಬು, ದ್ರಾಕ್ಷಿ ಎರಡನ್ನೂ ಬೆಳೆಯುವವನು, ಬಾಯಿ ಸುಮ್ಮನಿರದವನು. ನೆಲದ ಮೇಲೆ ಕಾಲು ಚಾಚಿ ಕೂತವರು ಮಹಾದೇವಿ ಅತ್ಯಾ, ಊರಿಗೆಲ್ಲ ಅತ್ತೆ. ಪ್ರತಿ ಸೋಮವಾರ ಗುಡಿಯ ಮಂಟಪದಲ್ಲಿ ಹೆಂಗಸರ ಭಜನೆ ನಡೆಸುವವರು ಅವರೇ. ನಾಲ್ಕನೆಯವಳು ನಾನು, ಕೈಯಲ್ಲಿ ನಕ್ಷೆಯ ಸುರುಳಿ ಹಿಡಿದವಳು.

ಇದು ಮೂರು ವರ್ಷದ ಹಿಂದಿನ ಮಾತು. ಹಳೆಯ ಕಟ್ಟಡಗಳ ದುರಸ್ತಿ ಮಾಡುವ ಒಂದು ಸಂಸ್ಥೆಯಲ್ಲಿ ನಾನು ಸ್ಟ್ರಕ್ಚರಲ್ ಇಂಜಿನಿಯರ್ ಆಗಿದ್ದೆ. ಅಂದರೆ ಯಾವ ಭಾರ ಯಾವುದರ ಮೇಲೆ ಕೂತಿದೆ, ಹೊತ್ತವನು ಎಲ್ಲಿ ದಣಿದಿದ್ದಾನೆ ಎಂದು ನೋಡುವ ಕೆಲಸ. ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ಊರು ಮರಾಠಿ ಸೀಮೆಗೆ ಸೇರಿದ ಅಕ್ಕಲಕೋಟ ತಾಲೂಕಿನದು, ಕುರನೂರ ಡ್ಯಾಮಿನಿಂದ ಬಹಳ ದೂರವಿಲ್ಲ. ಗುಡಿ ಸಣ್ಣದು, ಕಪ್ಪು ಕಲ್ಲಿನದು. ಮಂಟಪದ ಕಂಬಗಳು ಮಾತ್ರ ಎಷ್ಟು ಗುಂಡಗೆ, ಎಷ್ಟು ನುಣುಪಾಗಿ ಇವೆಯೆಂದರೆ ಹಣೆ ಮುಟ್ಟಿಸಿದರೆ ತಂಪು ಒಳಗಿಳಿಯುತ್ತದೆ.

ಮಂಟಪದ ನಡುವಿನ ತೊಲೆಗೆ ಅಡ್ಡಲಾಗಿ ಬಿರುಕು ಬಿಟ್ಟಿತ್ತು. ಕಲ್ಲಿಗೆ ಒತ್ತಿದರೆ ತಡೆಯುವ ಶಕ್ತಿ ಬಹಳ, ಬಾಗಿಸಿದರೆ ತಡೆಯುವ ಶಕ್ತಿ ಕಡಿಮೆ. ಮೇಲಿನ ಗಚ್ಚು ಮಳೆನೀರು ಕುಡಿದರೆ ಭಾರ ಇನ್ನೂ ಹೆಚ್ಚುತ್ತದೆ. ಹೀಗಾಗಿ ಮಳೆಗಾಲಕ್ಕೆ ಮುಂಚೆ ಚಾವಣಿಯ ಹಾಸುಗಲ್ಲು ಇಳಿಸಿ, ಬಿರುಕಿನ ತೊಲೆಯನ್ನು ಕೆಳಗೆ ತಂದು, ಒಳಗೆ ಸ್ಟೇನ್‌ಲೆಸ್ ಸ್ಟೀಲಿನ ಸರಳು ಹಾಕಿ ಹೊಲಿದು, ಮತ್ತೆ ಅದೇ ಜಾಗದಲ್ಲಿ ಕೂರಿಸಬೇಕಿತ್ತು. ಕಮಿಟಿ ಒಪ್ಪಿತ್ತು. ಮಂಟಪಕ್ಕೆ ಹಗ್ಗ ಕಟ್ಟಿ ಯಾರೂ ಒಳಗೆ ಹೋಗದಂತೆ ಮಾಡಿದ್ದೆ. ಕೆಲಸ ಶುರುವಾಗಬೇಕಿದ್ದ ಆ ಬೆಳಿಗ್ಗೆ ಸಾವಕಾರರು ಸೋಲಾಪುರದಿಂದ ಬಂದರು, ಫೋನು ತೆಗೆದು ನನ್ನ ಮುಂದೆ ಹಿಡಿದರು.

"ಬಾಯಾರ, ಕೆಲಸ ಬಂದ್ ಮಾಡ್ರಿ. ಮೊದಲ ಇದನ್ನ ನೋಡ್ರಿ." ಅಮ್ಮಾವ್ರು ಎನ್ನುವಲ್ಲಿ ಆ ಕಡೆ ಬಾಯಾರು ಎನ್ನುತ್ತಾರೆ.

ಮರಾಠಿ ವಿಡಿಯೋ. ಒಬ್ಬ ತರುಣ ಇದೇ ಗುಡಿಯಲ್ಲಿ ನಿಂತು ಕಂಬ ಸವರುತ್ತ ಹೇಳುತ್ತಿದ್ದ: ಇಷ್ಟು ಗುಂಡಗೆ, ಇಷ್ಟು ಹೊಳಪಿಗೆ ಕಡೆಯುವ ಯಂತ್ರ ಆ ಕಾಲದ ಮನುಷ್ಯರಲ್ಲಿ ಇರಲಿಲ್ಲ; ಇದು ಬೇರೆ ಲೋಕದಿಂದ ಬಂದವರ ಕೆಲಸ; ಒಂದು ಕಲ್ಲು ಕದಲಿಸಿದರೂ ಅವರು ಇಟ್ಟುಹೋದ ಶಕ್ತಿ ಮುರಿಯುತ್ತದೆ, ಮತ್ತೆ ಕೂರಿಸಲು ಯಾರಿಂದಲೂ ಆಗದು.

"ನಾ ಹುಚ್ಚ ಅಲ್ರಿ," ಎಂದರು ಸಾವಕಾರರು. "ನನ್ನ ಮೂರ ಮಾತಿಗೆ ಉತ್ತರ ಕೊಡ್ರಿ. ಈ ಕಂಬ ಇಷ್ಟ ದುಂಡಗ ಹೆಂಗ ಆದೂವು? ಈ ಕಲ್ಲ ಎಲ್ಲಿಂದ ಬಂತು? ಇಷ್ಟ ವಜ್ಜಿ ಕಲ್ಲ ಮ್ಯಾಲ ಹೆಂಗ ಹೋತು?"

ಬಸಣ್ಣ ತಡೆಯಲಿಲ್ಲ. "ಸಾವಕಾರ್ರ, ನಮ್ಮ ಊರಿನ ರಸ್ತಾ ಎಸ್‌ಟಿ ಬಸ್ಸಿಗೇ ಸಿಗಂಗಿಲ್ಲ. ಆಕಾಶದಾಗಿಂದ ಬಂದವರಿಗೆ ಹೆಂಗ ಸಿಕ್ತರಿ?"

"ನೀ ಸುಮ್ನ ಕೂಡಪಾ. ಉಗೀಚ ನಡಕ ಬಾಯಿ ಹಾಕಬ್ಯಾಡ."

"ನನಗ ಆಕಾಶದ್ದೂ ಗೊತ್ತಿಲ್ಲ, ಪಾತಾಳದ್ದೂ ಗೊತ್ತಿಲ್ಲ," ಎಂದರು ಅತ್ಯಾ. "ಈ ಹಗ್ಗ ಎಂದ ಬಿಚ್ಚತೀರಿ, ಅಷ್ಟ ಹೇಳ್ರಿ. ನಮ್ಮ ಅತ್ತಿ ಕುಂತ ಹಾಡಿದ ಜಾಗಾ ಅದು. ನಾ ಸಾಯೂದ್ರಾಗ ನನ್ನ ಸೊಸಿ ಅಲ್ಲೇ ಕುಂತ ಹಾಡೂದ ನೋಡಬೇಕು."

ಸಾವಕಾರರು ಒಪ್ಪದಿದ್ದರೆ ಹಗ್ಗ ಬಿಚ್ಚುವಂತಿರಲಿಲ್ಲ. ಮಳೆಗೆ ತೊಲೆ ಬಿದ್ದರೆ ಬಿಚ್ಚಲು ಮಂಟಪವೇ ಇರುತ್ತಿರಲಿಲ್ಲ.

ಮೊದಲ ಪ್ರಶ್ನೆಗೆ ನಾನು ಸಾವಕಾರರನ್ನು ಹಗ್ಗದ ಹೊರಗಿದ್ದ ಒಂದು ಕಂಬದ ಹತ್ತಿರ ಕರೆದುಕೊಂಡು ಹೋದೆ. ಬೆಳಕು ಓರೆಯಾಗಿ ಬಿದ್ದಾಗ ಕಂಬದ ಸುತ್ತ ಕೂದಲೆಳೆಯಂಥ ಗೆರೆಗಳು ಕಾಣುತ್ತವೆ. ಕಲ್ಲನ್ನು ತಿರುಗಿಸುತ್ತ ಉಳಿ ಹಿಡಿದಾಗ ಮೂಡುವ ಗೆರೆ ಅವು. ಆದರೆ ಅಷ್ಟು ಭಾರದ ಕಲ್ಲನ್ನು ಹೇಗೆ ನಿಲ್ಲಿಸಿ ಹೇಗೆ ತಿರುಗಿಸಿದರು ಎಂಬುದರ ಬಗ್ಗೆ ಬಲ್ಲವರಲ್ಲೇ ಇನ್ನೂ ಚರ್ಚೆಯಿದೆ. ನನಗೂ ಪೂರ್ತಿ ಗೊತ್ತಿಲ್ಲ ಎಂದೆ.

"ನೋಡ್ರಿ! ನಿಮಗೂ ಗೊತ್ತಿಲ್ಲ!" ಸಾವಕಾರರ ಮುಖ ಅರಳಿತು.

"ಗೊತ್ತಿಲ್ರಿ. ಗೊತ್ತಿಲ್ಲ ಅನ್ನೂ ಕುರ್ಚಿ ಖಾಲಿ ಇರಲಿ. ಖಾಲಿ ಐತೆಂತ ಯಾರನ್ನರ ತಂದು ಕೂಡಸೂದು ಬ್ಯಾಡ."

ಎರಡನೆಯದಕ್ಕೆ ನಾನು ಬಾಯಿ ತೆರೆಯುವ ಮುಂಚೆಯೇ ಬಸಣ್ಣ ಎದ್ದಿದ್ದ. "ಕಲ್ಲ ಎಲ್ಲಿಂದ ಬಂತು ಅಂತೀರಲಾ, ನನ್ನ ಬಾವ್ಯಾಗ ಹೊಂಟದ್ದೂ ಇದ ಕಲ್ಲ. ಬೋರಿ ಹೊಳಿ ದಂಡಿಗೆ ಹೋಗ್ರಿ, ಬೇಕಾದಷ್ಟ ಬಿದ್ದೈತಿ. ಬಾವಿ ತೋಡೂ ಮುಂದ ಮ್ಯಾಲಿಂದ ಯಾರೂ ಇಳದ ಬರಲಿಲ್ಲ, ನಾನ ಮದ್ದ ತುಂಬಿ ಸುರಂಗ ಹಚ್ಚೀನಿ."

ಅತ್ಯಾ ನಕ್ಕರು. ಸಾವಕಾರರು ನಗಲಿಲ್ಲ. ತಿರುಗಿ ಬಂದು, ತಾವು ಕೂತಿದ್ದ ತೊಲೆಯ ಮೇಲೆ ಅಂಗೈಯಿಂದ ಹೊಡೆದರು. ಒಂದಾನೊಂದು ಕಾಲದಲ್ಲಿ ಗುಡಿಯ ಮುಂಭಾಗ ಬಿದ್ದಾಗ ಉರುಳಿ ಬಂದ ತೊಲೆ ಅದು. ಅದು ಅಲುಗಾಡಿದ್ದನ್ನು ಊರಲ್ಲಿ ಯಾರೂ ಕಂಡಿರಲಿಲ್ಲ.

"ಮೂರನೇದ್ದಕ್ಕ ಮಾತ ಬ್ಯಾಡ. ಇದನ್ನ ಎತ್ತಿ ತೋರಸ್ರಿ. ಕ್ರೇನ್ ಇಲ್ಲ, ಮಶೀನ್ ಇಲ್ಲ. ನನ್ನ ಎದಿ ಮಟ. ಎತ್ತಿದ್ರ ನಾನ ಮುಂದ ನಿಂತು ನಿಮ್ಮ ಕೆಲಸ ಮಾಡಸ್ತೀನಿ. ಇಲ್ಲಂದ್ರ ಕಲ್ಲ ಹೆಂಗ ಅದಾವೋ ಹಂಗ ಇರಲಿ."

ಕಾರು ಹತ್ತುವ ಮುಂಚೆ ಅವರು ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದರು. "ಬಾಯಾರ, ನಮ್ಮ ಅಜ್ಜ ಇದ ಊರಾಗಿಂದ ತಲಿ ಮ್ಯಾಲ ಗಂಟ ಹೊತಗೊಂಡ ಸೋಲಾಪುರಕ್ಕ ನಡಕೋತ ಹ್ವಾದಾಂವ. ನಾವು ಮಾರೂ ಮಂದಿ, ಹೊರೂ ಮಂದಿ. ನಮ್ಮಂಥವ್ರು ಇಂಥಾ ಛಂದದ್ದು ಮಾಡ್ಯಾರಂದ್ರ ನಂಬಾಕ ಮನಸ ಬರೂದಿಲ್ರಿ."

ಆ ಮಾತು ನನ್ನನ್ನು ಬಿಡಲಿಲ್ಲ. ನಾನು ಅಷ್ಟೊತ್ತು ಕಲ್ಲಿನ ಬಗ್ಗೆ ವಾದಿಸಿದ್ದೆ. ಅವರಿಗೆ ಸಂಶಯವಿದ್ದದ್ದು ತಮ್ಮ ಮಂದಿಯ ಮೇಲೆ.

ನಾನು ಹುಟ್ಟಿದ್ದು ಸೋಲಾಪುರದ ಹತ್ತಿರದ ಹೋಟಗಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ. ಕಲಿತದ್ದು ಮರಾಠಿ ಸಾಲೆಯಲ್ಲಿ. ಕನ್ನಡ ಅಕ್ಷರ ಕಲಿಸಿದವಳು ಅಜ್ಜಿ, ಒಲೆಯ ಬೂದಿ ಹರವಿ ಅದರ ಮೇಲೆ ಬೆರಳು ಹಿಡಿಸಿ ತಿದ್ದಿಸಿದಳು. ಮಾತು ಕಲಿಸಿದವರು ಅಪ್ಪ ಮತ್ತು ಅಪ್ಪನ ಗ್ಯಾಂಗಿನವರು. ಅಪ್ಪ ಹಳಿ ರಿಪೇರಿಯ ಗ್ಯಾಂಗಿನಲ್ಲಿದ್ದ. ಭಾರದ ಸಾಮಾನು ಎತ್ತುವಾಗ ಅವರು ಮಾಡುತ್ತಿದ್ದುದು ಇಷ್ಟೇ: ಒಂದು ತುದಿಯ ಕೆಳಗೆ ಹಾರೆ ಕೊಟ್ಟು ಮೀಟಿ, ಬೆರಳು ಹೋಗುವಷ್ಟು ಸಂದು ಸಿಕ್ಕ ಕೂಡಲೇ ಅಲ್ಲಿ ಕಟ್ಟಿಗೆ ತೂರಿಸುವುದು, ಆಮೇಲೆ ಇನ್ನೊಂದು ತುದಿ. ಹೀಗೆ ಕಟ್ಟಿಗೆಯನ್ನು ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಪೇರಿಸುತ್ತ ಹೋದರೆ ಅಟ್ಟಣೆ ಬೆಳೆಯುತ್ತದೆ, ಅದರ ಜೊತೆ ಭಾರವೂ ಮೇಲೇರುತ್ತದೆ. ಇಂಜಿನಿಯರಿಂಗಿನಲ್ಲಿ ಇದಕ್ಕೆ ಕ್ರಿಬ್ಬಿಂಗ್ ಎನ್ನುತ್ತಾರೆ. ನಾನು ಅದನ್ನು ಕಾಲೇಜಿಗೆ ಹೋಗುವ ಮುಂಚೆಯೇ ನೋಡಿದ್ದೆ.

ಊರಲ್ಲಿ ಹಳೆಯ ರೈಲು ಸ್ಲೀಪರುಗಳಿಗೆ, ಹಳಿಯ ಕೆಳಗೆ ಹಾಸುವ ಮರದ ದಿಮ್ಮಿಗಳಿಗೆ, ಬರವಿರಲಿಲ್ಲ. ದನದ ಕೊಟ್ಟಿಗೆಯ ಹೊಸ್ತಿಲಿಗೆ, ಕಾಳು ತುಂಬಿಡುವ ಹಗೇವಿನ ಬಾಯಿಗೆ, ಎಲ್ಲೆಲ್ಲೋ ಇದ್ದವು. ಬಸಣ್ಣ ಮನೆಮನೆಗೆ ಹೋಗಿ, "ದೇವರ ಕೆಲಸಕ್ಕ ಹೊಸ್ತಲಾ ಬಿಚ್ಚಿ ಕೊಡ್ರಿ, ಮುಗದ ಮ್ಯಾಲ ಹಚ್ಚಿ ಕೊಡ್ತೀನಿ," ಎಂದು ಹೇಳಿ ಟ್ರ್ಯಾಕ್ಟರಿನ ತುಂಬ ತಂದು ಹಾಕಿದ.

ಮುಂದಿನ ಭಾನುವಾರ ಊರಿಗೂರೇ ಬಂದಿತ್ತು. ತೊಲೆ ಹತ್ತಡಿ ಉದ್ದ, ಎರಡಡಿ ಅಗಲ, ಎರಡಡಿ ದಪ್ಪ. ಕಪ್ಪು ಕಲ್ಲಿನ ಲೆಕ್ಕದಲ್ಲಿ ಮೂರು ಟನ್ನಿಗೂ ಸ್ವಲ್ಪ ಮೇಲೆ. ಸುತ್ತಲಿನ ಮಣ್ಣು ಬಿಡಿಸಿ, ಹಾರೆ ಕೊಟ್ಟು, "ಈಗ ನಿಧಾನ," ಎಂದೆ. ಅಲ್ಲಿಯೇ ಆದದ್ದು ಪೇಚು. ಅದು ದೇವರ ಕಲ್ಲು. ಪಲ್ಲಕ್ಕಿ ಎತ್ತುವಾಗ ಹೇಗೆ ಪ್ರತಿಯೊಬ್ಬರಿಗೂ ತಮ್ಮ ಕೈ ತಾಗಲೇಬೇಕೋ ಹಾಗೆ ಎಲ್ಲರೂ ನುಗ್ಗಿದರು. ಆರು ಮಂದಿಯ ಹಾರೆಗಳಿಗೆ ಮೂವತ್ತು ಕೈ ಬಿದ್ದವು. ಒಬ್ಬ ಈಗ ಒತ್ತಿದರೆ ಇನ್ನೊಬ್ಬ ಆಮೇಲೆ. ತೊಲೆ ಒಮ್ಮೆಲೇ ಜಿಗಿದು, ಪಕ್ಕಕ್ಕೆ ಜಾರಿ, ಒಂದು ಸ್ಲೀಪರನ್ನು ಸೀಳಿ ಕೂತಿತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಎಲ್ಲರೂ ಎರಡು ಹೆಜ್ಜೆ ಹಿಂದೆ ಸರಿದರು.

"ನೋಡಿದ್ರ್ಯಾ?" ಎಂದರು ಸಾವಕಾರರು. ಆ ದನಿಯಲ್ಲಿ ಗೆದ್ದ ಸಂತೋಷವಿರಲಿಲ್ಲ. "ಕಲ್ಲ ಒಲ್ಲೆ ಅಂತೈತಿ."

"ಕಲ್ಲಲ್ರಿ, ಒಲ್ಲೆ ಅನ್ನಾಕತ್ತದ್ದು ಈ ಗದ್ಲ," ಎಂದೆ.

ಅತ್ಯಾ ಎದ್ದು ಬಂದರು. ಸೆರಗು ಸೊಂಟಕ್ಕೆ ಸಿಗಿಸಿ ಊರವರನ್ನೆಲ್ಲ ಒಂದು ಸುತ್ತು ನೋಡಿದರು. "ಏ, ಎಲ್ಲಾರೂ ಸಾಲ ಹಿಡೀರಿ. ಒಬ್ಬೊಬ್ರ ಬಂದು ಕಲ್ಲಿಗೆ ಕೈ ಹಚ್ಚಿ ನಮಸ್ಕಾರ ಮಾಡಿ ಅಂಗಳದ ಆಚಿ ದಂಡಿಗೆ ಹೋಗ್ರಿ. ಎಲ್ಲಾರ ಸೇವಾನೂ ಮುಟ್ಟತೈತಿ. ಹಾರಿ ಹಿಡಿಯೂದು ಬಾಯಾರು ಹೇಳಿದ ಆರ ಮಂದಿ. ಬಸ್ಯಾ, ನೀ ಆರ ಮಂದ್ಯಾಗ ಇದ್ದರ ಬಾಯಿ ಮುಚ್ಚಕೊಂಡ ಇರ್ಬೇಕು."

"ಉಸರ ಬಿಡಲೇನ ಅತ್ಯಾ?"

"ನಾ ತಾಳ ಬಡದಾಗ ಬಿಡು."

ಊರು ಸಾಲಾಗಿ ಬಂದು ಕಲ್ಲು ಮುಟ್ಟಿ ಆಚೆ ಹೋಯಿತು. ಸಾವಕಾರರೂ ಮುಟ್ಟಿದರು. ಆಮೇಲೆ ಅತ್ಯಾ ಭಜನೆಯ ತಾಳ ತೆಗೆದರು. ಅವರ ಹಿಂದೆ ಹೆಂಗಸರು ಹಾಡಿಗೆ ನಿಂತರು. ಹಾಡಿನ ಪಲ್ಲವಿ ತಿರುಗಿ ಬಂದು ತಾಳ ಬಿದ್ದಾಗ ಮಾತ್ರ ಹಾರೆ ಕೆಳಗೆ ಹೋಗಬೇಕು, ಆಗಲೇ ಕಟ್ಟಿಗೆ ತೂರಬೇಕು. ನಮ್ಮಪ್ಪನ ಗ್ಯಾಂಗಿಗೆ ಒಬ್ಬ ಕೂಗುವವನಿದ್ದ. ಇಲ್ಲಿ ಹದಿನೈದು ಹೆಂಗಸರು ಇದ್ದರು. ತೊಲೆ ಬೆರಳಷ್ಟು ಎದ್ದಿತು. ಆಚೆ ತುದಿ. ಮತ್ತೆ ಈಚೆ. ಮೂರು ಟನ್ನು ಕಲ್ಲು ಹಸುಗೂಸಿನ ಹಾಗೆ ಆ ಕಡೆ ಈ ಕಡೆ ತೂಗುತ್ತ ಮೇಲೇರುವುದನ್ನು ನೋಡಿ, ಫೋನು ಎತ್ತಿ ಹಿಡಿದಿದ್ದ ಹುಡುಗರೂ ಕೈ ಇಳಿಸಿ ಹಾಡತೊಡಗಿದರು.

ಊಟದ ಹೊತ್ತಿಗೆ ತೊಲೆ ಸಾವಕಾರರ ಎದೆಯ ಮಟ್ಟಕ್ಕೆ ಬಂತು. ಅಟ್ಟಣೆ ಭದ್ರವಾಗಿದೆಯೆಂದು ನೋಡಿಕೊಂಡು ಅವರನ್ನು ಹತ್ತಿರ ಕರೆದೆ. ಅವರು ಹೆಗಲ ಮೇಲಿನ ವಸ್ತ್ರ ತೆಗೆದು ತೊಲೆಯ ಅಡಿಗೆ ಅಂಟಿದ್ದ ಮಣ್ಣು ಒರೆಸಿದರು. ಎಷ್ಟೋ ಕಾಲದಿಂದ ಯಾರೂ ಕಾಣದ ಮುಖ ಅದು. ತುದಿಯಲ್ಲಿ ಕಂಬದ ಗೂಟ ಕೂರಲು ಕೊರೆದ ಚೌಕನೆಯ ಕುಳಿಯಿತ್ತು. ಅದರಿಂದ ಒಂದು ಮೊಳ ಈಚೆಗೆ ಇನ್ನೊಂದು ಕುಳಿ, ಎರಡು ಬೆರಳಷ್ಟೇ ಆಳ, ಅರ್ಧಕ್ಕೆ ನಿಂತದ್ದು.

"ಇದ್ಯಾಕ್ರಿ ಇನ್ನೊಂದು?"

"ನೀವ ಹೇಳ್ರಿ," ಎಂದೆ.

ಅವರು ಕಣ್ಣು ಮುಚ್ಚಿ ಬೆರಳಾಡಿಸಿದರು. ಐವತ್ತು ವರ್ಷ ಚಾದರ ಮುಟ್ಟಿ ಮುಟ್ಟಿ ಇದು ಕೈಮಗ್ಗದ್ದು, ಇದು ಪವರ್‌ಲೂಮಿನದು ಎಂದು ಹೇಳಿದ ಬೆರಳು. ಅವರ ಮುಖ ನಿಧಾನವಾಗಿ ಸಡಿಲಾಯಿತು.

"ಅಳತಿ ತಪ್ಪ್ಯಾನ," ಎಂದರು. "ಕೊರಿಯಾಕ ಸುರು ಮಾಡ್ಯಾನ, ತಪ್ಪೇತಂತ ಗೊತ್ತಾಗೇತಿ, ಬಿಟ್ಟಾನ. ಮತ್ತ ಆಚಿ ಬರೋಬ್ಬರ್ ಕೊರದಾನ. ಕೈಮಗ್ಗದಾಗ ಹಿಂಗ ಆಗತೈತ್ರಿ. ಒಂದ ಎಳಿ ತಪ್ಪತೈತಿ, ನೇಕಾರ ಅಲ್ಲೇ ತಡದು ಮುಂದ ಸರಿ ಮಾಡ್ಕೊಂಡ ಹೋಗ್ತಾನ. ಅದನ್ನ ಮುಟ್ಟಿದ್ರ ಗೊತ್ತಾಗತೈತಿ, ಮಾಡಿದಾಂವ ಅಲ್ಲಿ ಕುಂತಿದ್ದ ಅಂತ."

"ಕೆಲಸ ಮಾಡಸೂ ಮುಕಾದಮ ಬೈದಿರಬೇಕ ಪಾಪ," ಎಂದ ಬಸಣ್ಣ. ಬಾಯಿ ಮುಚ್ಚಿಕೊಂಡಿರುವ ಷರತ್ತು ಮುಗಿದಿತ್ತು.

"ಬೈಸಿಕೊಂಡಾನಂದ್ರ ನಮ್ಮಾಂವನ ಖರೆ," ಎಂದು ಸಾವಕಾರರು ನಕ್ಕರು. ಅಷ್ಟು ದಿನದಲ್ಲಿ ಅವರು ನಕ್ಕದ್ದು ಅದೇ ಮೊದಲು. ಆ ಅರ್ಧ ಕುಳಿಯಿಂದ ಮಾತ್ರ ಕೈ ತೆಗೆಯಲೇ ಇಲ್ಲ.

ಒಂದು ಮಾತು ಅವರಿಗೆ ಹೇಳಬೇಕಾಗಿತ್ತು, ಹೇಳಿದೆ. ಹಿಂದಿನವರು ಹೀಗೇ ಎತ್ತಿದರು ಎಂದು ಇದರಿಂದ ಸಾಬೀತಾಗುವುದಿಲ್ಲ. ಮಣ್ಣಿನ ದಿಬ್ಬ ಹಾಕಿರಬಹುದು, ಎತ್ತು ಹೂಡಿರಬಹುದು. ಮನುಷ್ಯರ ಕೈಗೆ ಇದು ಮೀರಿದ್ದಲ್ಲ ಎಂದಷ್ಟೇ ಗೊತ್ತಾಯಿತು. "ನನಗ ಅಷ್ಟ ಸಾಕು," ಎಂದರು. ಮರುದಿನವೇ ಕೆಲಸ ಶುರುವಾಯಿತು. ಅವರು ಕುರ್ಚಿ ಹಾಕಿಕೊಂಡು ಅಂಗಳದಲ್ಲೇ ಕೂತರು. ಮೊದಲ ದೊಡ್ಡ ಮಳೆ ಬರುವ ಹೊತ್ತಿಗೆ ನಡುವಿನ ತೊಲೆ ಹೊಲಿಗೆ ಮುಗಿಸಿಕೊಂಡು ತನ್ನ ಜಾಗದಲ್ಲಿತ್ತು. ಬೇವಿನ ಕೆಳಗಿನ ತೊಲೆಯನ್ನೂ ಗುಡಿಯ ಮುಂದೆ ಅದರ ಹಳೆಯ ಜೋಡಿ ಕಂಬಗಳ ಮೇಲೆ ಕೂರಿಸಿದೆವು. ಬಸಣ್ಣ ಎಲ್ಲರ ಹೊಸ್ತಿಲನ್ನೂ ಹಚ್ಚಿಕೊಟ್ಟ, ಸೀಳಿಹೋದದ್ದು ಅವನ ಮನೆಯದೇ ಆಗಿತ್ತು.

ಆ ವಿಡಿಯೋ ಈಗಲೂ ಓಡುತ್ತಿದೆ. ಅದರ ಮೇಲೆ ನನಗೆ ಸಿಟ್ಟಿಲ್ಲ. ಗುಡಿಯನ್ನು ನೋಡಿ ಬೆರಗಾದವನು ಅವನು, ಬೆರಗು ತಪ್ಪಲ್ಲ. ಆದರೆ ನನ್ನ ಕೆಲಸ ನನಗೆ ಕಲಿಸಿದ್ದು ಇದು: ಯಾರಾದರೂ ಒಪ್ಪಲಾಗದ ಮಾತನ್ನು ಗಟ್ಟಿಯಾಗಿ ಹಿಡಿದಿದ್ದರೆ, ಆ ಮಾತನ್ನು ಒಡೆಯುವ ಮುಂಚೆ ಅದು ಅವರಲ್ಲಿ ಏನನ್ನು ಹೊತ್ತು ನಿಂತಿದೆ ಎಂದು ನೋಡಬೇಕು. ಮೊದಲು ಊರುಗೋಲು ಕೊಡಬೇಕು, ಆಮೇಲೆ ಬಿರುಕಿನ ತೊಲೆ ಇಳಿಸಬೇಕು. ಸಾವಕಾರರಿಗೆ ಬೇಕಿದ್ದದ್ದು ನನ್ನ ಉತ್ತರಗಳಲ್ಲ. ತಮ್ಮಂಥ ಒಬ್ಬ ಬೇಕಿತ್ತು, ಅವನು ಕಲ್ಲಿನ ಅಡಿಯಲ್ಲಿ ಸಿಕ್ಕ.

ಕಳೆದ ಶ್ರಾವಣದ ಒಂದು ಸೋಮವಾರ ಹೋಗಿದ್ದೆ. ಮುಂದಿನ ತೊಲೆಯ ಕೆಳಗೆ ಸಾವಕಾರರು ಒಂದು ಮರದ ಸ್ಟೂಲು ಇಡಿಸಿದ್ದರು, ಬಂದವರು ಹತ್ತಿ ಆ ಅರ್ಧ ಕುಳಿಯನ್ನು ಮುಟ್ಟಲಿ ಎಂದು. ವಿಡಿಯೋ ನೋಡಿ ದೂರದಿಂದ ಬಂದಿದ್ದ ಒಬ್ಬ ತರುಣಿ ಸ್ಟೂಲು ಹತ್ತಿ ಬೆರಳಿಟ್ಟಳು. ಇದು ತಪ್ಪಿ ಆದದ್ದೇ ಎಂದು ಮರಾಠಿಯಲ್ಲಿ ಕೇಳಿದಳು.

"ಹೋ ಬಾಯಿ, ಚುಕಲಂಯ್," ಎಂದರು ಮಹಾದೇವಿ ಅತ್ಯಾ, ಹೌದವ್ವಾ ತಪ್ಪಿದೆ ಎಂದು. ಆಮೇಲೆ ಕನ್ನಡಕ್ಕೆ ತಿರುಗಿದರು, ಆ ಹುಡುಗಿಗೆ ತಿಳಿಯಲಿ ಬಿಡಲಿ. "ನಮ್ಮಾಂವನ ಅಂವಾ."

ಒಳಗೆ ಅವರ ಸೊಸೆ ತಾಳ ಬಡಿದಳು. ಅತ್ಯಾ ಕೈಹಿಡಿದು ಹುಡುಗಿಯನ್ನು ಸ್ಟೂಲಿನಿಂದ ಇಳಿಸಿ, ಮಂಟಪದೊಳಗೆ ಕರೆದುಕೊಂಡು ಹೋಗಿ, ನಡುವಿನ ತೊಲೆಯ ಕೆಳಗೆ ಪಕ್ಕದಲ್ಲೇ ಕೂರಿಸಿಕೊಂಡರು.