ನಸ್ರೀನಳ ಟ್ರಕ್ಕಿನ ಟಿಕ್ ಟಿಕ್

ನನಗೆ ಏನೂ ಕೇಳಿಸಲಿಲ್ಲ, ನಸ್ರೀನ್. ಆ ದಿನ ನಮ್ಮ ಪಾರ್ಕಿಂಗ್ ಲಾಟಿನಲ್ಲಿ ನಿನ್ನ ಹಳೆಯ ಪಿಕಪ್ ಟ್ರಕ್ಕಿನ ಬಾನೆಟ್ ಎತ್ತಿ, ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿಕೊಂಡು, ಕಣ್ಣು ಮುಚ್ಚಿ, ಮಹಾ ಪಂಡಿತನ ಹಾಗೆ ತಲೆಯಾಡಿಸಿದೆನಲ್ಲ — ಆಗ ನನ್ನ ಕಿವಿಗೆ ಬಿದ್ದದ್ದು ಎಂಜಿನ್ನಿನ ಗುರುಗುರು ಮಾತ್ರ. ನೀನು ಹೇಳಿದ ಟಿಕ್ ಟಿಕ್ ಇಲ್ಲವೇ ಇಲ್ಲ. ಕೇಳಿಸಿತು ಎಂದು ಸುಳ್ಳು ಹೇಳಿದೆ.

ಸುಳ್ಳು ಎನ್ನಬೇಕೋ ಬೇಡವೋ — ಅದೂ ನನಗೆ ಇವತ್ತಿಗೂ ಸ್ಪಷ್ಟವಿಲ್ಲ. ನೀನು ತಾಳ ಹಾಕುವವಳ ಹಾಗೆ ಬೆರಳೆತ್ತಿ, ‘ಈಗ... ಈಗ... ಕೇಳಿಸ್ತಾ ಅಂಕಲ್?’ ಎನ್ನುತ್ತಿದ್ದೆ. ಆ ಬೆರಳನ್ನೇ ನೋಡುತ್ತ ನೋಡುತ್ತ ನನಗೂ ಏನೋ ಕೇಳಿಸಿದಂತಾಯಿತು. ಕೇಳಿಸಿದ್ದು ಕಿವಿಗೋ, ನಿನ್ನ ಬೆರಳು ನೋಡಿದ ಕಣ್ಣಿಗೋ... ಈಗ ಅದನ್ನು ಯಾರನ್ನು ಕೇಳಲಿ?

ಕಿವಿ ಕೈಕೊಟ್ಟಿದೆ ಎಂಬುದು ಆಗಲೇ ನನಗೆ ಗೊತ್ತಿತ್ತು. ಅದಕ್ಕೂ ಮುಂಚೆ ನಮ್ಮ ಮನೆಯ ಸ್ಮೋಕ್ ಅಲಾರಂ ಬ್ಯಾಟರಿ ಮುಗಿದು ದಿನವಿಡೀ ಕೀಚಲು ದನಿಯಲ್ಲಿ ಕೂಗುತ್ತಿತ್ತಂತೆ. ನನ್ನ ಹೆಂಡತಿ ಸರೋಜ ತಲೆ ಚಿಟ್ಟು ಹಿಡಿದು, ‘ಅದು ಹೇಗ್ರೀ ಅದರ ಕೆಳಗೇ ಕೂತು ಪೇಪರ್ ಓದ್ತೀರಾ? ನಿಮ್ಮ ಕಿವಿಯೇನು ಮ್ಯೂಟ್ ಮಾಡಿಟ್ಟಿದೀರಾ?’ ಎಂದು ಗದರಿದಳು. ಕೇಳಿಸುತ್ತಿದೆ, ಸೋಮಾರಿತನ ಅಷ್ಟೇ, ಎಂದು ನಕ್ಕು ಸ್ಟೂಲ್ ಹತ್ತಿದೆ. ಸಣ್ಣ, ಚೂಪಾದ ದನಿಗಳು ನನ್ನ ಪಾಲಿಗೆ ಒಂದೊಂದಾಗಿ ಹೋಗುತ್ತಿದ್ದವು. ಹೆಂಡತಿಗೂ ಹೇಳಲಿಲ್ಲ.

ಏಕೆಂದರೆ — ಹೇಗೆ ಹೇಳಲಿ — ನ್ಯೂಯಾರ್ಕಿನ ಹತ್ತಿರದ ಪ್ಲೇನ್ಸ್‌ಬರೋದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನನ್ನನ್ನು ನಾಲ್ಕು ಜನ ಗುರುತಿಸುತ್ತಿದ್ದದ್ದೇ ಆ ಕಿವಿಯಿಂದ. ಮೈಸೂರಿನಲ್ಲಿ ಟ್ರ್ಯಾಕ್ಟರ್ ಎಂಜಿನ್ನುಗಳ ನಡುವೆ ಬೆಳೆದ ಕಿವಿ ಅದು. ನಿವೃತ್ತನಾದ ಮೇಲೆ ಶನಿವಾರ ಬೆಳಿಗ್ಗೆ ಯಾರಾದರೊಬ್ಬರು ಪಾರ್ಕಿಂಗ್ ಲಾಟಿನಲ್ಲಿ ಬಾನೆಟ್ ಎತ್ತಿ, ‘ಅಂಕಲ್, ಸ್ವಲ್ಪ ಕೇಳಿ ಹೇಳಿ, ಶಾಪಿಗೆ ಹೋದ್ರೆ ಸುಮ್ನೆ ತಲೆ ಬೋಳಿಸ್ತಾರೆ’ ಎನ್ನುತ್ತಿದ್ದರು. ನಾನು ಬೀಗಿಹೋಗುತ್ತಿದ್ದೆ. ಆ ಬೀಗುವಿಕೆ ಬಿಡಲು ನನ್ನಿಂದ ಆಗಲಿಲ್ಲ.

ಹಳೆಯ ಎಂಜಿನ್ನು ತಣ್ಣಗಿದ್ದಾಗ ಟಿಕ್ ಟಿಕ್ ಎಂದು, ಬಿಸಿಯಾದ ಮೇಲೆ ಸುಮ್ಮನಾದರೆ ಅದಕ್ಕೆ ಒಂದೇ ಕಾರಣವಿರುವುದಿಲ್ಲ. ಮೇಲಿನ ಟ್ಯಾಪೆಟ್ಟುಗಳೆಂಬ ಪುಟ್ಟ ಬಿಡಿಭಾಗಗಳಿಗೆ ಆಯಿಲ್ ಏರುವುದು ತಡವಾಗುತ್ತಿರಬಹುದು, ಹೆದರುವಂಥದ್ದೇನಲ್ಲ. ಇಲ್ಲವೇ, ಎಂಜಿನ್ನಿನಿಂದ ಹೊಗೆಯನ್ನು ಆಚೆ ಒಯ್ಯುವ ಕೊಳವೆಯ ಬುಡದಲ್ಲಿ ಬೋಲ್ಟ್ ಮುರಿದು ಸಂದು ಬಿದ್ದಿರಬಹುದು. ಕಬ್ಬಿಣ ಕಾದು ಹಿಗ್ಗಿದಾಗ ಸಂದು ಮುಚ್ಚಿಕೊಳ್ಳುತ್ತದೆ, ಶಬ್ದ ನಿಲ್ಲುತ್ತದೆ. ಅಲ್ಲಿಯವರೆಗೆ ವಿಷದ ಹೊಗೆ ಬಾನೆಟ್ಟಿನ ಕೆಳಗೆ ತುಂಬಿಕೊಳ್ಳುತ್ತದೆ, ಹೀಟರ್ ಹಾಕಿದರೆ ಡ್ರೈವರ್ ಕೂರುವ ಕಡೆಗೂ ಬರಬಹುದು. ಎರಡರ ದನಿಯೂ ಬೇರೆ ಬೇರೆ. ಒಂದು ಕಾಲದಲ್ಲಿ ಅದನ್ನು ನಾನು ಹತ್ತು ಹೆಜ್ಜೆ ದೂರದಿಂದಲೇ ಹೇಳುತ್ತಿದ್ದೆ.

ಅವತ್ತು ಹೇಳಿದ್ದು ಇಷ್ಟು: ‘ಟ್ಯಾಪೆಟ್ ಸೌಂಡಮ್ಮಾ, ಏನೂ ಆಗಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿ, ಹೀಟರ್ ಹಾಕ್ಕೊಂಡು ಒಳಗೇ ಸ್ವಲ್ಪ ಹೊತ್ತು ಕೂತಿರು. ಸೌಂಡ್ ನಿಂತ್ಮೇಲೆ ಹೊರಡು.’

ಒಳಗೇ ಕೂತಿರು — ನಾನೇ ಹೇಳಿದೆ. ಹೊಗೆಯ ವಾಸನೆ ಬರುತ್ತದೆಯೇ ಎಂದು ಒಂದು ಮಾತು ಕೇಳಬಹುದಿತ್ತು. ಅದಕ್ಕೆ ಕಿವಿ ಬೇಕಿರಲಿಲ್ಲ. ಕೇಳಲಿಲ್ಲ.

ನಾನು ಹೇಳಿದ ಹಾಗೇ ನೀನು ಮಾಡಿದೆ. ರಂಜಾನ್ ಬಂತು. ಚಳಿ ಬಿಟ್ಟಿರಲಿಲ್ಲ. ನಿನ್ನ ಗಂಡ ನ್ಯೂಯಾರ್ಕಿನ ಟ್ರೇನ್ ಹಿಡಿಯಲು ಹೋದ ಮೇಲೆ ನೀನು ಪಕ್ಕದೂರು ಎಡಿಸನ್ನಿನ ಬಾಡಿಗೆ ಅಡುಗೆಮನೆಗೆ ಹೊರಡುತ್ತಿದ್ದೆ, ಊರವರ ಇಫ್ತಾರ್ ಪಾರ್ಟಿಗಳಿಗೆ ಬಿರಿಯಾನಿ ಮಾಡಲು. ನಮ್ಮ ಕಿಟಕಿಯಿಂದ ಕಾಣುತ್ತಿತ್ತು — ಗಾಜು ಏರಿಸಿ, ಕೈ ಉಜ್ಜಿಕೊಳ್ಳುತ್ತ, ಟ್ರಕ್ಕಿನೊಳಗೆ ಕೂತು ನೀನು ಕಾಯುತ್ತಿದ್ದೆ. ನನ್ನ ಮಾತನ್ನು ಎಷ್ಟು ಚೆನ್ನಾಗಿ ಪಾಲಿಸುತ್ತಾಳೆ ಎಂದು ನಾನು ಒಳಗೊಳಗೇ ಹಿಗ್ಗುತ್ತಿದ್ದೆ.

ಆಮೇಲೆ ನಿನಗೆ ತಲೆನೋವು ಶುರುವಾಯಿತು. ತಲೆ ಸುತ್ತು, ವಾಕರಿಕೆ. ಒಮ್ಮೆ ಅಡುಗೆಮನೆಯಲ್ಲಿ ಬಿರಿಯಾನಿ ಬೇಯುವ ದೇಗದ ಪಕ್ಕದಲ್ಲೇ ಕುಸಿದು ಕೂತೆಯಂತೆ. ನೀನು ಸರೋಜಳ ಮುಂದೆ ಹೇಳಿಕೊಳ್ಳುವಾಗ ನಾನೂ ಅಲ್ಲೇ ಇದ್ದೆ. ‘ರೋಜಾ ಉಪವಾಸ ಅಲ್ವೇನಮ್ಮಾ, ಬೆಳಿಗ್ಗೆ ಟೀ ಇಲ್ದೆ ಇದ್ರೆ ತಲೆ ನೋಯದೆ ಇರುತ್ತಾ?’ ಎಂದೆ. ಎಲ್ಲರೂ ಅದನ್ನೇ ಹೇಳಿದರು. ಡಾಕ್ಟರೂ ಬೆಳಕು ಹರಿಯುವ ಮುಂಚೆಯೇ ಚೆನ್ನಾಗಿ ನೀರು ಕುಡಿಯಲು ಹೇಳಿದರಂತೆ. ಕಡೆಗೆ ನೀನು ತಿಂಗಳ ನಡುವೆಯೇ ಉಪವಾಸ ಬಿಟ್ಟೆ. ‘ಚಿಕ್ಕ ಹುಡುಗಿಯಿಂದ ಒಂದೂ ಬಿಟ್ಟಿಲ್ಲ ಆಂಟಿ, ನಮ್ಮಮ್ಮ ಬೇಡ ಅಂದ್ರೂ ಹಟ ಮಾಡಿ ಇರ್ತಿದ್ದೆ. ಈಗ ನನ್ ಮೈಗೇನಾಯ್ತು?’ ಎಂದು ಅತ್ತೆ. ಸರೋಜ ನಿನ್ನ ಬೆನ್ನು ಸವರಿದಳು. ನಾನು ಟೀವಿ ನೋಡುತ್ತಿದ್ದೆ.

ಹಬ್ಬದ ಮಾರನೆಯ ದಿನ ಟೈರ್ ಬದಲಿಸಲು ಹೋದಾಗ ಶಾಪಿನವರು ಹೊಗೆಯ ಕೊಳವೆಯ ಬುಡದಲ್ಲಿ ಮುರಿದ ಬೋಲ್ಟ್ ಕಂಡುಹಿಡಿದರು. ಸರಿ ಮಾಡಿಸಿಕೊಂಡು ಬಂದು ನೀನು ನಗುತ್ತಾ ಹೇಳಿದೆ: ‘ಟ್ಯಾಪೆಟ್ ಅಲ್ವಂತೆ ಅಂಕಲ್, ಎಕ್ಸಾಸ್ಟ್ ಲೀಕಂತೆ. ನಿಮ್ಗೇ ಸಿಕ್ಕಿಲ್ಲ ಅಂದ್ರೆ ಇನ್ಯಾರಿಗ್ ಸಿಗುತ್ತೆ ಬಿಡಿ.’ ಆ ಕ್ಷಣದಲ್ಲೇ ನನಗೆ ಎಲ್ಲ ಹೊಳೆಯಿತು. ನಿನಗೆ ಹೊಳೆಯಲಿಲ್ಲ. ಶಾಪಿನವರಿಗೆ ನಿನ್ನ ತಲೆನೋವು ಗೊತ್ತಿರಲಿಲ್ಲ, ಡಾಕ್ಟರಿಗೆ ಟ್ರಕ್ಕಿನ ವಿಷಯ ಗೊತ್ತಿರಲಿಲ್ಲ. ಎರಡನ್ನೂ ಕೂಡಿಸಿ ನೋಡಬಲ್ಲವನು ನಾನೊಬ್ಬನೇ. ‘ಹೌದಾ, ಒಳ್ಳೇದಾಯ್ತು’ ಎಂದೆ.

ಆದರೆ ನಿಜವಾಗಿಯೂ ಅದೇ ಕಾರಣವೇ? ಇಲ್ಲಿಗೆ ಬಂದು ನಾನು ಸಿಕ್ಕಿಹಾಕಿಕೊಳ್ಳುತ್ತೇನೆ. ಟ್ರಕ್ ರಿಪೇರಿಯಾದ ಮೇಲೆ ನಿನಗೆ ತಲೆನೋವು ಬರಲಿಲ್ಲ, ನಿಜ. ಆದರೆ ಅದೇ ವಾರ ರಂಜಾನೂ ಮುಗಿದಿತ್ತು, ಟೀ ಮತ್ತೆ ಶುರುವಾಗಿತ್ತು, ಚಳಿಯೂ ಇಳಿದಿತ್ತು. ಉಪವಾಸ ಬಿಟ್ಟ ಮೇಲೂ ತಲೆನೋವು ಇತ್ತೇ? ಇತ್ತು ಎಂದು ನನ್ನ ನೆನಪು, ಇರಲಿಲ್ಲ ಎಂದು ಸರೋಜಳ ನೆನಪು. ಕೆಲವು ದಿನ ಹೊಗೆಯೇ ಎನ್ನಿಸುತ್ತದೆ, ಕೆಲವು ದಿನ ಛೆ, ಅಷ್ಟು ಚಿಕ್ಕ ಸಂದಿನಿಂದ ಏನಾಗುತ್ತದೆ ಎನ್ನಿಸುತ್ತದೆ. ಈ ಗೊಂದಲ ನನಗೆ ಅನುಕೂಲವೂ ಆಗಿತ್ತು. ಖಾತ್ರಿಯಾದ ಮೇಲೆ ಹೇಳೋಣ ಎಂದುಕೊಳ್ಳುತ್ತ ಬಂದೆ — ಖಾತ್ರಿ ಮಾಡಿಕೊಳ್ಳಲು ದಾರಿಯೇ ಇಲ್ಲ ಎಂದು ಗೊತ್ತಿದ್ದೂ.

ಮುಂದಿನ ವರ್ಷ ನೀನು ಉಪವಾಸ ಹಿಡಿಯಲೇ ಇಲ್ಲ. ಕೆಲಸ ಜಾಸ್ತಿ ಎಂದೆ. ನಾನು ನಂಬಿದ ಹಾಗೆ ನಟಿಸಿದೆ.

ಮೊನ್ನೆ ಐಸೆಲಿನ್ನಿನ ಅಂಗಡಿಯಲ್ಲಿ ಸಿಕ್ಕೆಯಲ್ಲ. ರಂಜಾನಿಗೆಂದು ಬಾಗಿಲಿನಲ್ಲೇ ಖರ್ಜೂರದ ಪೆಟ್ಟಿಗೆಗಳನ್ನು ಎದೆಯೆತ್ತರ ಜೋಡಿಸಿದ್ದರು. ನೀನು ಎರಡು ಎತ್ತಿಕೊಂಡೆ, ನಿಂತೆ, ಒಂದನ್ನು ವಾಪಸ್ ಇಟ್ಟೆ. ‘ನಮ್ಮನೆಯವ್ರಿಗೆ ಒಂದು ಸಾಕು ಅಂಕಲ್. ನನಗ್ಯಾಕೆ? ನನ್ ಕೈಲಿ ಇನ್ನ್ ಆಗಲ್ಲ. ಅಲ್ಲಾಹ್ ನನ್ನಿಂದ ಬೇಡ ಅಂತ ತೀರ್ಮಾನ ಮಾಡ್ಬಿಟ್ಟಿದಾನೆ ಅನ್ಸುತ್ತೆ.’ ನೀನು ತಮಾಷೆಯಾಗಿ ಹೇಳಲು ನೋಡಿದೆ. ವಾಪಸ್ ಇಟ್ಟ ಪೆಟ್ಟಿಗೆಯ ಅಂಚನ್ನು ನಿನ್ನ ಬೆರಳು ಇನ್ನೂ ಬಿಟ್ಟಿರಲಿಲ್ಲ.

ನನ್ನ ಜಂಭದ ಒಂದು ಮಾತನ್ನು ನೀನು ದೇವರ ತೀರ್ಮಾನ ಎಂದು ಹೊತ್ತುಕೊಂಡಿದ್ದೀಯ. ಇದಕ್ಕಿಂತ ನಾಚಿಕೆಗೇಡು ನನ್ನ ಬದುಕಿನಲ್ಲಿ ಇಲ್ಲ. ಸರೋಜಳಿಗೆ ನಿನ್ನೆ ಎಲ್ಲ ಹೇಳಿದೆ, ಕಿವಿಯ ವಿಷಯವೂ ಸೇರಿ. ಅವಳು ಬೈಯಲಿಲ್ಲ. ‘ನನಗ್ಯಾಕೆ ಹೇಳ್ತೀರಿ?’ ಎಂದಳು, ಅಷ್ಟೇ.

ಇನ್ನು ಕೆಲವೇ ದಿನಗಳಲ್ಲಿ ರಂಜಾನಿನ ಚಂದ್ರ ಕಾಣುತ್ತಾನೆ. ನಾಳೆ ಬೆಳಿಗ್ಗೆ ನಿನ್ನ ಮನೆಗೆ ಬರುತ್ತೇನೆ. ‘ಹಾಗಾದ್ರೆ ಅದು ಹೊಗೆಯಿಂದಾನೇ ಆಗಿದ್ದಾ ಅಂಕಲ್?’ ಎಂದು ನೀನು ಕೇಳುತ್ತೀಯ. ಗೊತ್ತಿಲ್ಲ ಎನ್ನಬೇಕಾಗುತ್ತದೆ. ಆ ಒಂದು ಪದವನ್ನು ಆವತ್ತೇ, ಟ್ರಕ್ಕಿನ ಮುಂದೆಯೇ ಹೇಳಬೇಕಿತ್ತು. ಬಾಗಿಲು ತೆರೆದ ಕೂಡಲೇ ನೀನು ಎಂದಿನಂತೆ ‘ಬನ್ನಿ ಅಂಕಲ್, ಟೀ ಇಡ್ತೀನಿ’ ಎನ್ನುತ್ತೀಯ. ನಾನು ಹೊಸ್ತಿಲಲ್ಲೇ ನಿಂತು ಬೇಡ ಎನ್ನಬೇಕು. ಒಳಗೆ ಬಂದು ಕೂತು ನಿನ್ನ ಟೀ ಕುಡಿದೆನೆಂದರೆ, ಮತ್ತೆ ಹೇಳದೆಯೇ ಎದ್ದು ಬಂದುಬಿಡುತ್ತೇನೆ.