ನಡುಗುವ ಕೈಯ ಕ್ಷೌರ

ಆ ಕ್ಷೌರದಂಗಡಿಯವನಿಗೆ ಬೀದಿಯವರು ಇಟ್ಟ ಹೆಸರು ಮಾತಿನ ಮಲ್ಲ. ಕತ್ತರಿಗಿಂತ ನಾಲಿಗೆಯೇ ಹರಿತ ಎಂದು ಹೆಂಡತಿಯೂ ಆಡಿಕೊಳ್ಳುತ್ತಿದ್ದಳು. ಪಕ್ಕದ ಕುರ್ಚಿಯಲ್ಲಿ ಕೆಲಸ ಮಾಡುತ್ತಿದ್ದ ತಮ್ಮ ಚಹಾ ತರಲು ಬಸ್ ನಿಲ್ದಾಣಕ್ಕೆ ಹೋದಾಗಲೇ ಅಲ್ಲಿ ಬಾಂಬ್ ಸಿಡಿಯಿತು. ತಮ್ಮ ಹೆಣವಾಗಿ ಬಂದ ಮೇಲೆ ಮಲ್ಲನ ಬಾಯಿ ಕಟ್ಟಿತು, ಬಲಗೈ ನಡುಗಲು ಶುರುವಾಯಿತು. ಕತ್ತರಿ ಹೇಗೋ ನಡೆಯುತ್ತಿತ್ತು, ಕ್ಷೌರದ ಕತ್ತಿ ಮುಟ್ಟಲು ಮಾತ್ರ ಧೈರ್ಯವಿಲ್ಲ. ಗಡ್ಡಕ್ಕೆ ಬಂದವರಿಗೆಲ್ಲ "ಬ್ಲೇಡ್ ಮುಗಿದಿದೆ" ಎಂದುಬಿಡುತ್ತಿದ್ದ. ತಿಂಗಳುಗಟ್ಟಲೆ ಬ್ಲೇಡ್ ಮುಗಿದೇ ಇದ್ದರೆ ಯಾರು ತಾನೇ ನಂಬುತ್ತಾರೆ? ಗಿರಾಕಿಗಳು ಒಬ್ಬೊಬ್ಬರಾಗಿ ಎದುರಿನ ಅಂಗಡಿಗೆ ದಾಟಿದರು. "ಹೀಗೇ ಆದ್ರೆ ಬಾಗಿಲು ಹಾಕಿ ಬಂದುಬಿಡಿ" ಎಂದಿದ್ದಳು ಹೆಂಡತಿ.

ಒಂದು ಮಧ್ಯಾಹ್ನ ಸೈನಿಕನೊಬ್ಬ ಒಳಬಂದ. ಬಾಂಬ್ ಸಿಡಿದ ದಿನ ನಿಲ್ದಾಣದ ಕಾವಲಿಗಿದ್ದವನು. ದವಡೆಯ ಗಾಯ ಈಗಷ್ಟೇ ಮಾಗಿತ್ತು, ಸುತ್ತ ಕುರುಚಲು ಗಡ್ಡ.

"ಬ್ಲೇಡ್ ಮುಗಿದಿದೆಯಪ್ಪಾ."

"ನಾನೇ ತಂದಿದ್ದೀನಿ ಮಾವ. ಸಂಜೆ ಬಸ್ಸಿಗೆ ಊರಿಗೆ ಹೊರಟಿದ್ದೀನಿ. ಅಮ್ಮನಿಗೆ ಏನೂ ಹೇಳಿಲ್ಲ. ಗಾಯ ಕೇಳಿದ್ರೆ ಜಾರಿ ಬಿದ್ದೆ ಅಂತೀನಿ, ಈ ಅವತಾರಕ್ಕೆ ಏನಂತ ಹೇಳ್ಲಿ?"

"ನೀನೇ ಮಾಡ್ಕೋಬಾರ್ದಾ?"

ಸೈನಿಕ ಎರಡೂ ಕೈ ಚಾಚಿದ. ಬೆರಳುಗಳು ಅದುರುತ್ತಿದ್ದವು.

ಮಲ್ಲ ತನ್ನ ಬಲಗೈಯನ್ನೂ ಮುಂದೆ ಹಿಡಿದ. "ನಂದೂ ಅಷ್ಟೇ."

"ನಿಮ್ಮದು ಒಂದೇ ಕೈ ಅಲ್ವಾ? ನಂದು ಎರಡೂ. ಕೆಲಸ ನಿಮಗೇ." ಹೇಳಿದವನೇ ಕುರ್ಚಿ ಏರಿ ಕೂತುಬಿಟ್ಟ.

ಇನ್ನು ಹೊರಗೆ ಕಳಿಸುವುದು ಹೇಗೆ? ಮಲ್ಲ ನೊರೆ ಹಚ್ಚಿದ, ಉಸಿರು ಬಿಗಿಹಿಡಿದು ಕತ್ತಿ ಇಟ್ಟ. ಒಂದು ಕೆನ್ನೆ ಮುಗಿಯಿತು. ಇನ್ನೊಂದೂ ಮುಗಿಯಿತು. ರಕ್ತವಿಲ್ಲ! ಉಳಿದದ್ದು ಕತ್ತು. ಖುಷಿಗೆ ಮೈಮರೆತು, ಕತ್ತಿಯನ್ನು ಪಕ್ಕಕ್ಕಿಟ್ಟು, ಎಂದಿನ ರೂಢಿಯಂತೆ ಟವಲನ್ನು ಫಟ್ಟನೆ ಕೊಡವಿದ.

ಕುರ್ಚಿ ಖಾಲಿಯಾಯಿತು. ಸೈನಿಕ ಬೆಂಚಿನ ಕೆಳಗೆ ಮುದುಡಿ, ಕಿವಿ ಮುಚ್ಚಿಕೊಂಡಿದ್ದ.

"ಟವಲ್ ಕಣಪ್ಪಾ! ಬರೀ ಟವಲ್!"

"ಗೊತ್ತು ಮಾವ." ಧ್ವನಿ ಹಲ್ಲಿನ ಮಧ್ಯೆ ಸಿಕ್ಕಿಕೊಂಡಿತ್ತು. "ಗೊತ್ತಿದ್ರೂ ಏಳೋಕೆ ಆಗ್ತಿಲ್ಲ."

ಮಲ್ಲನಿಗೆ ತನ್ನ ಕೈಯನ್ನೇ ಕತ್ತರಿಸಿ ಎಸೆಯಬೇಕೆನಿಸಿತು. ತಿಂಗಳುಗಟ್ಟಲೆ ತಾನು ಪಟ್ಟ ಪಾಡನ್ನೇ ಈ ಮಗು ಪಡುತ್ತಿದೆ, ಅದೂ ತನ್ನಿಂದಲೇ. ಬಸ್ಸಿನ ಹೊತ್ತು ಬೇರೆ ಹತ್ತಿರವಾಗುತ್ತಿತ್ತು. ಅವನು ಬಾಗಿಲು ಮುಂದೆ ಮಾಡಿ, ಕತ್ತಿಯನ್ನೂ ನೀರಿನ ಬಟ್ಟಲನ್ನೂ ಹಿಡಿದು, ಉದುರಿದ ಕೂದಲಿನ ಮೇಲೆಯೇ ನೆಲಕ್ಕೆ ಕೂತ.

"ನೀನು ಏಳೋದು ಬೇಡ. ನಾನೇ ಬಂದೆ. ತಲೆ ಸ್ವಲ್ಪ ಈಚೆಗೆ ತಾ, ಕತ್ತು ಮೇಲೆತ್ತು."

ಸೈನಿಕ ಕಣ್ಣು ಮುಚ್ಚಿ ಕತ್ತು ಒಡ್ಡಿದ. ಗಂಟಲಿನ ನರ ಪಟಪಟ ಹೊಡೆದುಕೊಳ್ಳುತ್ತಿತ್ತು. ಒಂದು ಕೂದಲೆಳೆ ತಪ್ಪಿದರೆ ಮುಗಿಯಿತು. ಮಲ್ಲ ಎಡಗೈಯಿಂದ ಬಲಗೈ ಮಣಿಕಟ್ಟನ್ನು ಅದುಮಿ ಹಿಡಿದ. ಒಂದೊಂದೇ ಎಳೆತ. ನಿಲ್ಲಿಸು, ಉಸಿರಾಡು, ಮತ್ತೆ ಎಳೆ. ಹೊರಗೆ ಲಾರಿಯೊಂದು ಕೂಗಿತು. ಇಬ್ಬರೂ ಕಲ್ಲಾದರು, ಅದು ದೂರವಾಗುವವರೆಗೆ ಕತ್ತಿ ಚರ್ಮದ ಮೇಲೆಯೇ ನಿಂತಿತ್ತು. ಆಮೇಲೆ ಕೊನೆಯ ಎಳೆತ.

ಸೈನಿಕ ಕತ್ತು ಸವರಿಕೊಂಡ, ಬೆರಳು ನೋಡಿಕೊಂಡ. ಒಂದು ಗೀರೂ ಇಲ್ಲ.

"ಕೈ ನಡುಗಲೇ ಇಲ್ವಲ್ಲ ಮಾವ!"

"ನಡುಗ್ತಾನೇ ಇತ್ತು ಕಣೋ. ನೀನು ಕಣ್ಣು ಮುಚ್ಚಿದ್ದೆ."