ಹಿಂಗಾಲಿಲ್ಲದ ಕುರ್ಚಿಯಲ್ಲಿ ಮಾವ

ಹಲಸಿನ ಮರ ಬಿರಿಯುವ ಸದ್ದು ದೊಡ್ಡದೇನಲ್ಲ. ಹಪ್ಪಳ ಮುರಿದ ಹಾಗೆ, ಅಷ್ಟೆ. ಈಗಲೂ ಮದುವೆ ಊಟದಲ್ಲಿ ಪಕ್ಕದವರು ಹಪ್ಪಳ ಮುರಿದರೆ ನಾನು ಎದ್ದು ನಿಲ್ಲುತ್ತೇನೆ.

ಭಾವ, ಎಂದರೆ ನನ್ನ ಅಕ್ಕನ ಗಂಡ, ದುಬೈ ಬಿಟ್ಟು ಬರುವಾಗ ಚಿನ್ನ ತರಲಿಲ್ಲ. ವಿನ್ಯಾಸದ ಪುಸ್ತಕಗಳನ್ನು ತಂದರು. ಬಿಸ್ಕತ್ತಿನ ಪೊಟ್ಟಣಗಳ ಬಗ್ಗೆ ಒಂದು, ಬಾಟಲಿಯ ಲೇಬಲುಗಳ ಬಗ್ಗೆ ಒಂದು, ಹೀಗೆ ಒಂದೊಂದೂ ಕೆಂಪು ಕಲ್ಲಿನ ತೂಕದವು. ಕಲ್ಲಡ್ಕದಲ್ಲಿ ಹೈವೇ ಬದಿ ಹೋಟೆಲು ಮಾಡಬೇಕು, ಚಮಚದಿಂದ ಕುರ್ಚಿಯವರೆಗೆ ಎಲ್ಲಕ್ಕೂ ಡಿಸೈನ್ ಇರಬೇಕು ಎಂಬುದು ಅವರ ಹಟ. ಜಾಗ ಮಾತ್ರ ಅವರ ಸೋದರಮಾವನದು.

ಕುರ್ಚಿಗಳ ಪುಸ್ತಕದಲ್ಲಿ ಒಂದಕ್ಕೆ ಹಿಂಗಾಲೇ ಇರಲಿಲ್ಲ. ಮುಂಗಾಲುಗಳು ನೆಲದಲ್ಲಿ ಹಿಂದಕ್ಕೆ ಬಾಗಿದ್ದವು, ಕೂರುವ ಹಲಗೆ ಗಾಳಿಯಲ್ಲಿ ನಿಂತಿತ್ತು. ಅದು ಉಕ್ಕಿನ ಕೊಳವೆಯದ್ದೆಂದು ಭಾವ ಪುತ್ತಿಗೆಯ ಬಡಗಿ ಆಚಾರಿಗೆ ಓದಿಯೂ ಹೇಳಿದರು.

“ಕೊಳವೆ ಒಳಗೆ ಟೊಳ್ಳಲ್ವಾ?” ಎಂದರು ಆಚಾರಿ. “ನಮ್ಮ ಹಲಸು ಒಳಗೂ ಹಲಸೇ.”

ಇಬ್ಬರಿಗೂ ಅಲ್ಲಿಗೆ ವಾದ ಮುಗಿಯಿತು. ಮಾದರಿಗೆಂದು ಹಲಸಿನಲ್ಲಿ ಮಾಡಿದ ಅಂಥದೇ ಒಂದು ಕುರ್ಚಿ ಭಾವನ ಮನೆಗೆ ಬಂತು.

ಮಾವ ಜಾಗದ ಮಾತಿಗೆ ಬಂದರು. ಸೊಂಟದ ಆಪರೇಷನ್ ಆಗಿ ಆಗಷ್ಟೇ ನಡೆಯತೊಡಗಿದ್ದರು; ಇನ್ನೊಮ್ಮೆ ಬಿದ್ದರೆ ಏಳುವುದಿಲ್ಲವೆಂದು ಡಾಕ್ಟರು ಹೇಳಿದ್ದರು. ನಮ್ಮ ಕಡೆಯ ಮನೆಗಳಲ್ಲಿ ಸೋದರಮಾವ ಬಂದರೆ ಒಳ್ಳೆಯ ಕುರ್ಚಿ ಅವರಿಗೇ. ಕೂತ ಮೇಲೆ ಅವರನ್ನು ಏಳಿ ಎನ್ನುವ ಬಾಯಿ ಯಾರಿಗೂ ಇಲ್ಲ. ಮಾವ ಕೂತರು. ಹಪ್ಪಳ ಮುರಿಯಿತು. ಕಾಲು ಬಾಗಿದಲ್ಲಿ ಕೂದಲೆಳೆಯಷ್ಟು ಬಿರುಕು ನನಗೆ ಕಂಡಿತು, ಭಾವನಿಗೂ ಕಂಡಿತು.

“ಮಾವ, ಪುಸ್ತಕ ತೋರಿಸ್ತೇನೆ,” ಎಂದು ಭಾವ ನೆಲಕ್ಕೆ ಕೂತರು. ಒಂದೊಂದನ್ನೇ ತೆರೆದು ತೋರಿಸಿ, ಮುಚ್ಚಿ, ಮೆಲ್ಲನೆ ಹಲಗೆಯಡಿಗೆ ತಳ್ಳಿದರು. ಬಿಸ್ಕತ್ತು ಹೋಯಿತು. ಅದರ ಮೇಲೆ ಬಾಟಲಿ, ಟೀಪಾಟು, ಮೇಜಿನ ದೀಪ, ಹೀಗೆ ಅಟ್ಟಿ ಹಲಗೆಯ ಹತ್ತಿರಕ್ಕೆ ಏರಿತು. ನಾನು ಪೆಟ್ಟಿಗೆಯಿಂದ ಎತ್ತಿ ಕೊಡುತ್ತಿದ್ದೆ. ಬಿರುಕು ಈಗ ಬೆರಳಗಲ.

“ಆ ಬಿಸ್ಕತ್ತಿನದ್ದು ಚೆಂದ ಉಂಟು ಮಾರಾಯ. ಪುನಃ ಕೊಡು, ನೋಡುವ.”

ಅದು ಎಲ್ಲಕ್ಕಿಂತ ಅಡಿಯಲ್ಲಿತ್ತು. ಅಕ್ಕ ಬಾಯಾರಿಕೆಗೆಂದು ಬೆಲ್ಲ, ನೀರು ಹಿಡಿದು ಬಂದಳು. “ಮೊದಲು ಬಾಯಾರಿಕೆ ಕುಡೀರಿ ಮಾವ. ಪುಸ್ತಕ ಎಲ್ಲಿಗೆ ಓಡ್ತದೆ?”

ಉಳಿದ ಸಂದಿಗೆ ಬೆಂಕಿಪೆಟ್ಟಿಗೆಯ ಚಿತ್ರಗಳ ತೆಳು ಪುಸ್ತಕವನ್ನು ಭಾವ ತುರುಕಿದರು. ಅದೇ ಕ್ಷಣ ಕಾಲುಗಳೆರಡೂ ಮುರಿದವು.

ಮಾವ ಬೀಳಲಿಲ್ಲ. ಲೋಟದ ನೀರು ಮಾತ್ರ ಸ್ವಲ್ಪ ತುಳುಕಿತು. ಅವರು ಅದನ್ನು ಕುಡಿದು, ಬೆಲ್ಲ ಕಚ್ಚಿ, ಸೊಂಟವನ್ನು ಆಚೀಚೆ ಅಲುಗಿಸಿ ನೋಡಿದರು.

“ಈಗ ಸರಿಯಾಯಿತು. ಆಗ ಒಂಚೂರು ತೂಗ್ತಿತ್ತು. ಹೋಟೆಲಿಗೆ ಇದನ್ನೇ ಮಾಡಿಸು.”

“ಪುಸ್ತಕ ಸಮೇತವಾ?” ಭಾವ ನೆಲದಿಂದಲೇ ಕೇಳಿದರು.

“ಮತ್ತೆ? ಡಿಸೈನ್ ಅದೇ ಅಲ್ವಾ?”

ಜಾಗ ಸಿಕ್ಕಿತು. ಈಗ ಆ ಹೋಟೆಲಿನ ಪ್ರತಿ ಕುರ್ಚಿಯ ಹಲಗೆಯ ಅಡಿಯಲ್ಲಿ ಪುಸ್ತಕದ ಅಟ್ಟಿಯ ಹಾಗೆ ಕೆತ್ತಿದ ಮರದ ದಿಮ್ಮಿ ಉಂಟು. ಗಿರಾಕಿಗಳು ಫೋಟೋ ತೆಗೆಯುತ್ತಾರೆ. ನಾನು ನಿಂತೇ ಚಾ ಕುಡಿಯುತ್ತೇನೆ. ಮಾವ ಬಂದು ಕೂತಾಗಲೆಲ್ಲ ಹೋಗಿ ಅವರ ಬೆನ್ನ ಹಿಂದೆ ಕೈ ಚಾಚಿ ನಿಲ್ಲುತ್ತೇನೆ. ನನ್ನಷ್ಟು ಮರ್ಯಾದೆ ಗೊತ್ತಿದ್ದವರು ಈ ಕಾಲದಲ್ಲಿ ಇಲ್ಲವೆಂದು ಅವರು ಎಲ್ಲರಿಗೂ ಹೇಳುತ್ತಾರಂತೆ.